ಎರಡನೇ ದನಿ

ಜನವರಿ 16, ಶುಕ್ರವಾರ

ಚೈತ್ರಶ್ರೀಯ ಆಲ್ಬಂ ಬಂತು. ಅವಳೊಬ್ಬಳ ಹೆಸರಿನಲ್ಲಿ ಮೊದಲನೆಯದು. ಎಂಟು ವರ್ಷ ನಾವಿಬ್ಬರೂ ಒಟ್ಟಿಗೆ ಹಾಡಿದವರು. ರೆಕಾರ್ಡಿಂಗಿಗೆ ಬಾ ಅಂತ ಮೂರು ಸಲ ಕರೆದಿದ್ದಳು. ಕಾಫಿ ಕೊಯ್ಲಿದೆ ಅಂದೆ. ಇವತ್ತು ಹೊಟ್ಟೆಕಿಚ್ಚಾದರೂ ಆಗುತ್ತದೆ ಅಂದುಕೊಂಡಿದ್ದೆ. ಏನೂ ಆಗಲಿಲ್ಲ.

ಬೆಳಿಗ್ಗೆ ಕಣದಲ್ಲಿ ಒಣಹಾಕಿದ ಕಾಫಿ ಕೆದಕುತ್ತಾ ಫೋನಿನಲ್ಲಿ ಹಾಕಿದೆ. ನಾಲ್ಕನೆಯದು ನಮ್ಮ ಹಳೆಯ ಹಾಡು. ಅವಳು ಪಕ್ಕದ ಮನೆಯಲ್ಲಿದ್ದಾಗ ಇದೇ ಕಣದಲ್ಲಿ ಕಟ್ಟಿದ್ದು. ಕಾಫಿ ಕೆದಕುವಾಗ ಆಚೆ ಸಾಲು ಅವಳದು, ಈಚೆಯದು ನನ್ನದು. ನನ್ನ ಸಾಲು ಉದ್ದ. ತುದಿ ಮುಟ್ಟಿ, ಕೆದಕುವ ಹಲಗೆ ತಿರುಗಿಸಿಕೊಂಡು ದನಿ ಸೇರಿಸುವಾಗ ಒಂದು ಉಸಿರಿನಷ್ಟು ತಡವಾಗುತ್ತಿತ್ತು. ಆಮೇಲೆ ಸ್ಟೇಜಿನಲ್ಲೂ ಆ ಅಭ್ಯಾಸ ಹೋಗಲಿಲ್ಲ. ಚೈತ್ರ ಬೈಯುತ್ತಿದ್ದಳು.

ಕೆಲಸಕ್ಕೆ ಬಂದಿದ್ದ ಚೌಡಮ್ಮ ಕೈ ನಿಲ್ಲಿಸಿ ಕೇಳಿದಳು. "ಹಿಂದ್ಗಡೆ ಹಾಡ್ತಿರೋದು ನೀನೇ ಅಲ್ವೇನವ್ವ?"

"ಅಲ್ಲ ಚೌಡಮ್ಮ. ಎಲ್ಡೂ ಅವ್ಳೇ ಹಾಡವ್ಳೆ."

"ಸುಳ್ ಹೇಳ್ಬ್ಯಾಡ. ಹಂಗೆ ತಡ ಮಾಡ್ಕಂಡ್ ಬರೋದು ನೀನೇ ಕಣವ್ವ."

ಮತ್ತೆ ಹಾಕಿ ಕೇಳಿದೆ. ನಿಜ. ಎರಡನೇ ದನಿ ಅಷ್ಟೇ ತಡವಾಗಿ ಬರುತ್ತದೆ. ಸ್ಟುಡಿಯೋದಲ್ಲಿ ಕಣವಿಲ್ಲ, ಹಲಗೆಯಿಲ್ಲ. ಬೇಕೆಂದೇ ಕಾದಿದ್ದಾಳೆ. ನಾನು ಉಳಿದ ಸಾಲು ಕೆದಕಿ ಮುಗಿಸಿದೆ. ಅಳು ಬರಲಿಲ್ಲ. ಬಿಸಿಲೇರಿ ಅಂಗಾಲು ಸುಡುತ್ತಿತ್ತು, ಅಷ್ಟೇ.

ಸಂಜೆ ಅವಳ ಮೆಸೇಜು ಬಂತು. "ಕೇಳ್ದ್ಯಾ?"

"ಕೇಳ್ದೆ" ಅಂತ ಕಳಿಸಿದೆ. ಇನ್ನೂ ಏನಾದರೂ ಬರೆಯಬೇಕು ಅಂತ ಆಗಿನಿಂದ ಫೋನ್ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಅವಳು ಆನ್‌ಲೈನ್‌ನಲ್ಲೇ ಇದ್ದಾಳೆ. ನಾನು ತಡ ಮಾಡುತ್ತೇನೆ ಅಂತ ಅವಳಿಗೆ ಗೊತ್ತು.