ಐದನೆಯ ಕುರ್ಚಿ

೧೧ ಏಪ್ರಿಲ್ ೨೦೦೫, ಸಂಜೆ ೭

ಇವರು ಇವತ್ತೂ ಹೋದರು. ಆರೂವರೆ ಅಂದರೆ ಆರೂವರೆ. ಅಡತಿ ಅಂಗಡಿಯಿಂದ ಬರೋದು, ಅಂಗಿಗೆ ಹತ್ತಿದ ಹತ್ತಿ ಎಳೆ ಝಾಡಿಸೋದು, ಸ್ನಾನ, ವಿಭೂತಿ, ಅರ್ಧ ಕಪ್ ಚಹಾ, ಗಾಡಿ ಕೀಲಿ. ಮದುವೆಯಾಗಿ ಐವತ್ತೇಳು ದಿನ. ಎಣಿಸುತ್ತಿದ್ದೇನೆ. ಸಿಲ್ಲಿ, ಐ ನೋ.

ಗೇಟಿನ ತನಕ ಹೋಗಿ ‘ಲಗೂ ಬರ್ರಿ’ ಅಂದೆ. ಬೇಗ ಬರಲಿ ಅಂತ ದಿನಾ ಅನ್ನುತ್ತೇನೆ. ದಿನಾ ಒಂದು ಸೆಕೆಂಡ್ ಗಾಡಿ ಹಿಡಿದುಕೊಂಡು ಹಾಗೇ ನಿಲ್ಲುತ್ತಾರೆ. ಆಮೇಲೆ ಉತ್ತರ ಕೊಡದೆ ಹೋಗುತ್ತಾರೆ. ನಾಚಿಕೆ ಇರಬೇಕು. ಸೋ ಸ್ವೀಟ್.

ಎಲ್ಲಿಗೆ ಹೋಗುತ್ತಾರೆ ಅಂತ ಅತ್ತೆಯನ್ನು ಕೇಳಿದೆ. ಕಂಪ್ಯೂಟರಿನಲ್ಲಿ ಅದೇನೋ ಆಟ ಅಂತೆ. ಇಪ್ಪತ್ತೇಳು ವರ್ಷದ ಗಂಡಸು, ಹತ್ತಿ ವ್ಯಾಪಾರದ ಗುರುಬಸವ, ಆಟ... ನಗು ಬಂತು. ಭಾನುವಾರ ನಾನೂ ಹೋಗುವವಳೇ.

೧೭ ಏಪ್ರಿಲ್, ಭಾನುವಾರ

ಹೋದೆ! ಗೋಪನಕೊಪ್ಪದಲ್ಲಿ ಹುಸೇನಬಾಷಾ ಅವರ ಸೈಬರ್ ಕೆಫೆ. ಇವರ ಸಾಲಿ ದಿನಗಳ ಗೆಳೆಯ. ಹನ್ನೆರಡು ಕಂಪ್ಯೂಟರ್, ಎರಡು ಫ್ಯಾನ್, ಬೆವರಿನ ವಾಸನೆ. ಒಬ್ಬಳೂ ಹುಡುಗಿ ಇಲ್ಲ. ನನಗೆ ಕುರ್ಚಿ ಕೊಟ್ಟು, ಥಂಡಾ ತರಿಸಿ, ಹುಸೇನಬಾಷಾ ಕೇಳಿದರು: “ವೈನಿ, ನಮ್ಮ ಗುರ್ಯಾ ಮನ್ಯಾಗ ಮಾತಾಡ್ತಾನೇನ್ರಿ? ಇಲ್ಲಿ ನೋಡ್ರಿ, ಹೆಂಗ ಒದರ್ತಾನ.”

ನಿಜಕ್ಕೂ. ಹೆಡ್‌ಫೋನ್ ಹಾಕಿದ ಕೂಡಲೇ ಇವರು ಬೇರೆ ಮನುಷ್ಯ. ಆಟದ ಹೆಸರು ಕೌಂಟರ್. ಬಂದೂಕು ಹಿಡಿದ ಕೈ ಮಾತ್ರ ಕಾಣುತ್ತದೆ — ನಮ್ಮದೇ ಕೈ ಅನ್ನೋ ಹಾಗೆ. ಒಂದು ಮರಳುಗಾಡಿನ ಊರು, ಓಣಿಗಳು, ಸುರಂಗ, ದೊಡ್ಡ ಬಾಗಿಲು. ಅದಕ್ಕೆಲ್ಲ ಇವರದೇ ಹೆಸರುಗಳು, ನಮ್ಮ ಊರಿನವೇ: ಉದ್ದ ಓಣಿಗೆ ಬ್ರಾಡ್‌ವೇ, ಸುರಂಗಕ್ಕೆ ಕಲ್ಮೇಶನ ಗಟಾರ, ಮೇಲಿನ ಕಟ್ಟೆಗೆ ಉಣಕಲ್. “ಬ್ರಾಡ್‌ವೇದಾಗ ಇಬ್ರು, ನೀ ಹೋಗು, ನಾ ಅದೇನಿ.” ನಾನಿದ್ದೇನೆ ಅನ್ನೋ ಈ ‘ನಾ ಅದೇನಿ’ ಎಷ್ಟು ಸಲ ಅಂದರು! ನನಗೆ ಹೀಗೆ ಒಂದು ಸಲವೂ ಅಂದಿಲ್ಲ. ಸ್ವಲ್ಪ ಹೊಟ್ಟೆಕಿಚ್ಚು. ತುಂಬಾ ಪ್ರೀತಿ.

೨೦ ಏಪ್ರಿಲ್

ಯಾಕೆ ಅಷ್ಟು ಇಷ್ಟ ಅಂತ ಕೇಳಿದೆ. ಬಹಳ ಹೊತ್ತು ಯೋಚಿಸಿದರು. ಹಿಂದೆ ತಿರುಗಿ ನೋಡದೆ ಓಡಬಹುದಲ್ಲ, ಅದಕ್ಕೆ ಅಂದರು. ಅಡತಿಯಲ್ಲಿ, ಮನೆಯಲ್ಲಿ, ಎಲ್ಲ ಕಡೆ ತಿರುಗಿ ತಿರುಗಿ ನೋಡಬೇಕಾಗುತ್ತದೆ. ಅಲ್ಲಿ ಬೆನ್ನ ಹಿಂದೆ ಒಬ್ಬ ಇರುತ್ತಾನೆ. ಆಮೇಲೆ ಇನ್ನೊಂದು — ಸತ್ತವರು ಎರಡು ನಿಮಿಷ ಸುಮ್ಮನೆ ಕೂಡಬೇಕು, ಅಷ್ಟೇ. ಮುಂದಿನ ರೌಂಡಿಗೆ ಎಲ್ಲರೂ ಎದ್ದು ನಿಂತಿರುತ್ತಾರೆ.

ಇದನ್ನು ಹೇಳುವಾಗ ಮುಖ ಬೇರೆ ಕಡೆ ಇತ್ತು.

ಒಂದು ತಿಳಿಯಲಿಲ್ಲ. ಎದುರಿನವರು ಐದು, ಇವರು ನಾಲ್ಕೇ. ಇವರು, ಹುಸೇನಬಾಷಾ, ಬಿಂದುಮಾಧವ, ಪಂಢರಿನಾಥ. ಸಾಲಿನಲ್ಲಿ ಐದನೆಯ ಕುರ್ಚಿ ಖಾಲಿ, ಆ ಕಂಪ್ಯೂಟರಿಗೆ ಹಳದಿ ಟವೆಲ್ ಹೊದಿಸಿದ್ದಾರೆ. ದಿನಾ ಸೋಲುತ್ತಾರೆ. ಕಾಲೇಜು ಹುಡುಗರು ಬಂದು ‘ನಾ ಬರ್ಲೇನ್ರಿ’ ಅಂದರೂ ಇವರು ಬೇಡ ಅನ್ನುತ್ತಾರೆ. ಕೇಳಿದ್ದಕ್ಕೆ, ನಾಕ ಮಂದಿ ಸಾಕು ಅಂದರು.

ಐದನೆಯವಳು ನಾನೇ ಯಾಕಾಗಬಾರದು?

೨೬ ಏಪ್ರಿಲ್

ಸೀಕ್ರೆಟ್. ಮಧ್ಯಾಹ್ನ ಕಂಪ್ಯೂಟರ್ ಕ್ಲಾಸ್ ಅಂತ ಅತ್ತೆಗೆ ಹೇಳಿ ಬೆಂಗೇರಿಯಿಂದ ಆಟೋ ಹಿಡಿದು ಕೆಫೆಗೆ. ಹುಸೇನಬಾಷಾ ಆಟ ಕಲಿಸುತ್ತಿದ್ದಾರೆ. ಮೊದಲು ಬೇಡವೇ ಬೇಡ ಅಂದರು. ಮೇ ೧೩ಕ್ಕೆ ಇವರ ಬರ್ತ್‌ಡೇ, ಸರ್‌ಪ್ರೈಸ್ ಕೊಡಬೇಕು ಅಂತ ಬೆನ್ನು ಹತ್ತಿದೆ. ಆ ದಿನ ಏಳೂವರೆಗೆ ತಮ್ಮ ಕುರ್ಚಿ ಬಿಟ್ಟು ಕೊಡುತ್ತಾರಂತೆ. ಐದನೆಯದು ಖಾಲಿ ಇದೆಯಲ್ಲ ಅಂದೆ. “ಅದು ಬ್ಯಾಡ್ರಿ ವೈನಿ. ಅದರ ಮೌಸ್ ಕೆಟ್ಟೈತಿ.”

ಮೊದಲ ದಿನ ಗೋಡೆಗೆ ಗುಂಡು ಹಾರಿಸಿದೆ, ಪೂರ್ತಿ ಒಂದು ತಾಸು.

೪ ಮೇ

ಇಬ್ಬರನ್ನು ಹೊಡೆದೆ. ಈಗ ಗೊತ್ತಾಗುತ್ತಿದೆ ಇವರಿಗೆ ಏನಾಗುತ್ತದೆ ಅಂತ. ಜಗತ್ತಿನಲ್ಲಿ ಬೇರೇನೂ ಇರೋದಿಲ್ಲ.

ನನ್ನದೇ ಜಾಗ ಒಂದು ಹುಡುಕಿದ್ದೇನೆ. ದೊಡ್ಡ ಬಾಗಿಲ ಹಿಂದಿನ ಮೂಲೆ. ಅಲ್ಲಿ ನಿಂತರೆ ಹಿಂದಿನಿಂದ ಬರುವವರೆಲ್ಲ ಕಾಣುತ್ತಾರೆ. ಇಷ್ಟು ಚಲೋ ಜಾಗದಲ್ಲಿ ಇವರ್‍ಯಾರೂ ಯಾಕೆ ನಿಲ್ಲೋದಿಲ್ಲವೋ. ಹುಸೇನಬಾಷಾಗೆ ಹೇಳಿದೆ. ಚಹಾ ತರ್ತೇನಿ ಅಂತ ಎದ್ದು ಹೋದರು.

೧೪ ಮೇ, ಬೆಳಿಗ್ಗೆ

ನಿನ್ನೆ ಬರೆಯಲಾಗಲಿಲ್ಲ. ಹೇಗಾಯಿತೋ ಹಾಗೇ ಬರೆದಿಡುತ್ತೇನೆ.

ಏಳೂವರೆ ಅಂದಿದ್ದರು. ತಡೆಯಲಾಗಲಿಲ್ಲ. ಏಳಕ್ಕೇ ಹೋದೆ. ನಾಲ್ವರೂ ಹೆಡ್‌ಫೋನ್ ಹಾಕಿ ಆಟದಲ್ಲಿದ್ದರು, ನನ್ನ ಕಡೆ ಬೆನ್ನು. ಉಳಿದದ್ದೆಲ್ಲ ಫುಲ್. ಐದನೆಯದೊಂದೇ ಖಾಲಿ. ಮೌಸ್ ಕೆಟ್ಟಿದ್ದರೆ ಕೆಟ್ಟಿರಲಿ ಅಂತ ಟವೆಲ್ ತೆಗೆದೆ. ಮೌಸ್ ಏನೂ ಕೆಟ್ಟಿರಲಿಲ್ಲ. ಲಿಸ್ಟಿನಲ್ಲಿ ಇವರ ಆಟ ಇತ್ತು. ಇವರ ಕಡೆಗೇ ಸೇರಿದೆ. ರೌಂಡ್ ಶುರುವಾದ ಕೂಡಲೇ ಓಡಿ ಬಾಗಿಲ ಹಿಂದಿನ ನನ್ನ ಮೂಲೆಯಲ್ಲಿ ನಿಂತೆ.

ಸಾಲೆಲ್ಲ ಒಮ್ಮೆಲೇ ಸುಮ್ಮನಾಯಿತು.

ನನ್ನ ಸ್ಕ್ರೀನಿನಲ್ಲಿ ಒಬ್ಬ ಓಡಿ ಬಂದು ಎದುರಿಗೆ ನಿಂತ. ಅವನ ಹೆಸರು ಗುರು. ಇವರು. ಗುಂಡು ಹಾರಿಸಲಿಲ್ಲ, ಮುಂದೆ ಹೋಗಲಿಲ್ಲ. ಸುಮ್ಮನೆ ನಿಂತರು. ಹಿಂದಿನಿಂದ ಯಾರೋ ಬಂದು ನಮ್ಮಿಬ್ಬರನ್ನೂ ಹೊಡೆದರು. ನಾನು ಹೆಡ್‌ಫೋನ್ ಕಿತ್ತು ಎದ್ದು ನಿಂತು ಸರ್‌ಪ್ರೈಸ್ ಅಂತ ಕೂಗಿದೆ. ನಕ್ಕೆ ಕೂಡ.

ಇವರು ನನ್ನ ಕಡೆ ನೋಡಲೇ ಇಲ್ಲ. ಸ್ಕ್ರೀನ್ ನೋಡುತ್ತಿದ್ದರು. ಮುಂದಿನ ರೌಂಡ್ ಶುರುವಾಗಿತ್ತು, ಆಟದಲ್ಲಿ ಎಲ್ಲರೂ ಎದ್ದು ನಿಂತಿದ್ದರು. ನಾನು ಬಿಟ್ಟು ಬಂದ ಆ ಐದನೆಯವನೂ ನಿಂತಿದ್ದ, ಅಲ್ಲಾಡದೆ. ಇವರು ಅವನ ಸುತ್ತ ಸುತ್ತುತ್ತಿದ್ದರು. ಆಗ ನೋಡಿದೆ, ಅವನ ಹೆಸರು. ಆ ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಹೆಸರು. ಮೈಲಾರಿ.

೧೪ ಮೇ, ಮಧ್ಯಾಹ್ನ

ಹುಸೇನಬಾಷಾ ಫೋನ್ ಮಾಡಿದ್ದರು. ತಪ್ಪು ತಮ್ಮದು ಅಂತ ಅತ್ತರು.

ಮೈಲಾರಿ ಹೆಬ್ಬಳ್ಳಿಯವನು. ಇವರ ಟೀಮಿನ ಐದನೆಯವನು. ಆ ಮೂಲೆ ಅವನದು. ಹೋದ ನವೆಂಬರಿನಲ್ಲಿ ಒಂದು ಸಂಜೆ ಮ್ಯಾಚ್ ಇತ್ತು, ಅವನು ಬಂದಿರಲಿಲ್ಲ. ಇವರು ಮೂರು ಸಲ ಫೋನ್ ಮಾಡಿದರು. ನಾಕ ಮಂದಿ ಇದ್ದೇವಿ, ಲಗೂ ಬಾ ಅಂತ. ಬರುವ ದಾರಿಯಲ್ಲಿ ಟ್ರ್ಯಾಕ್ಟರ್ ನಿಂತಿತ್ತು, ಹಿಂದೆ ಲೈಟ್ ಇರಲಿಲ್ಲ. ಅವನ ಗಾಡಿ ಅದಕ್ಕೇ ಬಡಿಯಿತು.

ಲಗೂ ಬಾ.

ನಾನು ಗೇಟಿನಲ್ಲಿ ನಿಂತು ತೊಂಬತ್ತು ದಿನ ಅದನ್ನೇ ಅಂದೆ.

ಅತ್ತೆಯೂ ಬಾಯಿ ಬಿಟ್ಟರು. ಮಗ ಊಟ ಬಿಟ್ಟಿದ್ದನಂತೆ. ಮದುವೆ ಮಾಡಿದರೆ ಸುಧಾರಿಸ್ತಾನ ಅಂತ ಹಿರಿಯರು ಅಂದರಂತೆ. ಅಂದರೆ ನಾನು ಔಷಧ. ಯಾರೂ ನನಗೆ ಯಾವ ರೋಗಕ್ಕೆ ಅಂತ ಹೇಳಿರಲಿಲ್ಲ.

೨ ಜೂನ್

ಈಗ ದಿನಾ ಸಂಜೆ ಮನೆಯಲ್ಲೇ ಇರುತ್ತಾರೆ. ನನಗೆ ಬೇಕಾಗಿದ್ದು ಇದೇ ಅಲ್ಲವಾ?

ಅಡತಿಯಿಂದ ಬರುತ್ತಾರೆ, ಸ್ನಾನ, ವಿಭೂತಿ. ಆರೂವರೆಗೆ ಕೈ ತಾನೇ ಕೀಲಿಯ ಕಡೆ ಹೋಗುತ್ತದೆ. ಹಿಂದೆ ತಗೊಂಡು ಕುರ್ಚಿಯಲ್ಲಿ ಕೂಡುತ್ತಾರೆ. ಬೈಯಲಿಲ್ಲ ನನಗೆ. ಸಾರಿ ಅಂದರೆ, ಆತು ಬಿಡು ಉಮಾ ಅನ್ನುತ್ತಾರೆ. ಆ ಮನುಷ್ಯ ಒದರೋದನ್ನು ನಾನು ಕೇಳಿದ್ದೇನೆ. ನಾ ಅದೇನಿ ಅನ್ನೋದನ್ನು ಕೇಳಿದ್ದೇನೆ. ಆ ಒಂದು ಜಾಗದಲ್ಲಿ ಮಾತ್ರ ಜೀವಂತ ಇದ್ದರು. ನಾನು ಟವೆಲ್ ಎಳೆದೆ.

೧೨ ಜೂನ್, ಭಾನುವಾರ

ಹೆಬ್ಬಳ್ಳಿಗೆ ಹೋಗೋಣ ಅಂತ ನಾನೇ ಹಟ ಮಾಡಿದೆ. ಮೈಲಾರಿಯ ಮಣ್ಣಿಗೆ ಹೋದದ್ದೇ ಕೊನೆ, ಆಮೇಲೆ ಇವರು ಆ ಊರಿನ ದಾರಿ ಹಿಡಿದಿಲ್ಲ. ಇಡೀ ದಾರಿ ಗಾಡಿ ಮೂವತ್ತು ದಾಟಲಿಲ್ಲ.

ಮೈಲಾರಿಯ ಅವ್ವ ಸಾವಕ್ಕ. ಶೇಂಗಾ ಬೀಜ ಆರಿಸುತ್ತಾ ಕೂತಿದ್ದರು. ನಮ್ಮನ್ನು ನೋಡಿ ಎದ್ದು ಚುರಮರಿ ಕಲಸಿಕೊಟ್ಟರು, ಚಹಾ ಇಟ್ಟರು. ಹೊಸ ಮದುಮಗಳು ಅಂತ ನನಗೆ ಉಡಿ ತುಂಬಿದರು. ಕೈ ಅಷ್ಟು ಒರಟು, ಅಷ್ಟು ಹಗುರ. ಇವರು ನೆಲ ನೋಡುತ್ತಾ ಕೂತಿದ್ದರು.

ಸಾವಕ್ಕ ನನ್ನನ್ನು ಕೇಳಿದರು. “ದಿನಾ ಓಡತಿದ್ನವಾ. ಅದೇನ್ ಆಟ? ಯಾರೂ ನನಗ ಬಿಡಿಸಿ ಹೇಳಿಲ್ಲ.”

ನನಗೆ ತಿಳಿದಷ್ಟು ಹೇಳಿದೆ. ಐದು ಮಂದಿ ಈ ಕಡೆ, ಐದು ಮಂದಿ ಆ ಕಡೆ. ನಾಲ್ವರು ಮುಂದೆ ಹೋಗುತ್ತಾರೆ. ನಿಮ್ಮ ಮಗ ಬಾಗಿಲ ಹಿಂದೆ ನಿಂತು ಎಲ್ಲರ ಬೆನ್ನು ಕಾಯುತ್ತಿದ್ದರು ಅಂದೆ.

ಸಾವಕ್ಕ ಇನ್ನೊಂದು ಹಿಡಿ ಬೀಜ ಮುಂದೆ ಎಳೆದುಕೊಂಡರು. “ಮತ್ತ ಅವನ ಬೆನ್ನ ಯಾರ್ ಕಾಯ್ತಿದ್ರು?”

ಇವರು ತಲೆ ಎತ್ತಿದರು. “ನಾ ಕಾಯಬೇಕಿತ್ತವ್ವ. ನಾನ ಫೋನ್ ಮಾಡಿ ಲಗೂ ಬಾ ಅಂದೆ.”

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚಲೋ ಇತ್ತು. ಸಾವಕ್ಕ ಸೆರಗಿನಿಂದ ಕೈ ಒರೆಸಿಕೊಂಡರು. “ನಾನೂ ಅಂದಿದ್ನೆಪಾ. ಲಗೂ ಹೋಗಿ ಲಗೂ ಬಾ ಅಂತ. ಬಾಗಲದಾಗ ನಿಂತು.”

ಆಮೇಲೆ ಮೂವರೂ ಬೀಜ ಆರಿಸಿದೆವು. ಕತ್ತಲಾಗುವ ಮೊದಲೇ ಹೊರಡಿ ಅಂದರು. ದಾರಿಯಲ್ಲಿ ಇವರ ಬೆನ್ನು ಅಲುಗುತ್ತಿತ್ತು. ನಾನು ಹಿಡಿದುಕೊಂಡಿದ್ದೆ.

೧೩ ಜೂನ್, ಸಂಜೆ ೬:೪೦

ಆರೂವರೆಗೆ ಕೈ ಕೀಲಿಯ ಕಡೆ ಹೋಯಿತು. ಇವತ್ತು ಹಿಂದೆ ಬರಲಿಲ್ಲ. ತಿಂಗಳಾದ ಮೇಲೆ. ಬಾಷಾನ ಕಡೆ ಹೋಗಿ ಬರ್ತೇನಿ ಅಂದರು, ಎಂಟಕ್ಕ ಬರ್ತೇನಿ.

ಗೇಟಿನ ತನಕ ಹೋದೆ. ಗಾಡಿ ಹಿಡಿದು ನಿಂತರು, ಎಂದಿನಂತೆ. ಕಾಯುತ್ತಿದ್ದರು, ನಾನು ಏನನ್ನುತ್ತೇನೆ ಅಂತ. ನಾಲಿಗೆ ತುದಿಗೆ ಬಂದಿತ್ತು ಅದೇ.

ಸಾವಕಾಶ ಬರ್ರಿ ಅಂದೆ.

ಹೂಂ ಅಂದರು. ಮೊದಲ ಸಲ ಉತ್ತರ.

೮:೨೫

ಬಂದಿಲ್ಲ. ಮಳೆ ಹನಿ ಶುರುವಾಗಿದೆ. ಅತ್ತೆ ಎರಡು ಸಲ ಹೊರಗೆ ನೋಡಿ ಬಂದರು.

೮:೫೦

ಫೋನ್ ಕೈಯಲ್ಲಿದೆ. ನಂಬರ್ ಒತ್ತಿದೆ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಎತ್ತಿದರೆ ಏನನ್ನಲಿ? ಬಾಯಿಗೆ ಬರೋದು ಒಂದೇ ಮಾತು. ಬೇಡ. ಗಾಡಿ ಮೇಲಿದ್ದರೆ ಎತ್ತಲೂಬಾರದು. ಫೋನ್ ಅಟ್ಟದ ಮೇಲೆ ಇಟ್ಟು ಬಂದೆ, ಕೈಗೆ ಸಿಗದ ಹಾಗೆ. ಇಲ್ಲೇ ಬಾಗಿಲ ಹಿಂದೆ ಕೂತು ಬರೆಯುತ್ತಿದ್ದೇನೆ. ಇಲ್ಲಿಂದ ರಸ್ತೆ ಪೂರ್ತಿ ಕಾಣುತ್ತದೆ. ಸಾವಕಾಶ ಬರ್ರಿ. ನಾ ಅದೇನಿ. ಒಂದು ಲೈಟ್ ತಿರುವಿನಲ್ಲಿ... ಅಲ್ಲ, ಅದು ಆಟೋ. ಅದರ ಹಿಂದೆ ಇನ್ನೊಂದು—