ಒಗ್ಗರಣೆ ಬೀಳುವ ಹೊತ್ತಿನ ಉಸಿರು

ಶುಬ್ರಾ, ಕೈರೋ
ಮೇ ೧೨, ಮಂಗಳವಾರ

ಪ್ರೀತಿಯ ಹಾಝೆಮ್ ಅಣ್ಣಾ,

ಹೇಗಿದ್ದೀಯ? ಮರಳುಗಾಡಿನ ಬಿಸಿಲಿಗೆ ನಿನ್ನ ಮೂಗಿನ ಸಿಪ್ಪೆ ಸುಲಿದಿದೆ ಅಂತ ರಜೆಗೆ ಬಂದಿರುವ ಪಕ್ಕದ ಮನೆ ವಗ್ದಿ ಹೇಳಿದ. ತಡವಾಗಿದ್ದಕ್ಕೆ ಬೈಯಬೇಡ. ಮೂರು ಸಲ ಬರೆಯಲು ಕೂತೆ, ಮೂರು ಸಲ ಎದ್ದೆ. ಕಾಗದದಲ್ಲಿ ಬರೆಯುವುದು ಎಷ್ಟು ಕಷ್ಟ ಗೊತ್ತಾ! ನಗುವ ಮುಖ ಒತ್ತಲು ಜಾಗವಿಲ್ಲ, ನೀನು ಓದಿದೆ ಅಂತ ತೋರಿಸುವ ನೀಲಿ ಗೆರೆಯೂ ಬರುವುದಿಲ್ಲ. ಸೈನ್ಯದವರು ನಿನ್ನ ಫೋನ್ ಕಿತ್ತುಕೊಳ್ಳದೆ ಇದ್ದಿದ್ದರೆ ಇಷ್ಟೊತ್ತಿಗೆ ನಲವತ್ತು ಮೆಸೇಜು ಬಂದಿರುತ್ತಿದ್ದವು. ವಗ್ದಿ ರಜೆ ಮುಗಿಸಿ ನಾಳೆ ಹೊರಡುತ್ತಾನೆ, ಇದು ಅವನ ಕೈಯಲ್ಲೇ ಬರುತ್ತದೆ.

ಮುಖ್ಯ ಸುದ್ದಿ ಮೊದಲು. ಈ ಶುಕ್ರವಾರ ಬಿಟ್ಟು ಮುಂದಿನ ಶುಕ್ರವಾರ ನೀನು ರಜೆಗೆ ಬರುವಾಗ ಮುಲುಖಿಯಾ ಸೊಪ್ಪಿನ ಸಾರು ಮಾಡುವವಳು ಅಮ್ಮ ಅಲ್ಲ, ನಾನು! ನಗಬೇಡ. ಅಮ್ಮ ಸೌಟನ್ನು ನನ್ನ ಕೈಗಿಟ್ಟು ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. ಅವಳ ಮುಲುಖಿಯಾದ ಒಂದನೇ ನಂಬರಿನ ಅಭಿಮಾನಿ ನಾನೇ ತಾನೇ? ಈಗ ಅಭಿಮಾನಿಗೆ ಪರೀಕ್ಷೆ. ನೀನು ಒಂದು ತುತ್ತು ತಿಂದು "ಇದು ಅಮ್ಮನದೇ" ಅನ್ನಬೇಕು. ನನಗೆ ಅಷ್ಟೇ ಬೇಕಾಗಿರುವುದು.

ಹೋದ ತಿಂಗಳೆಲ್ಲ ನಮ್ಮದು ಬೀದಿ ಊಟವೇ. ಬೆಳಿಗ್ಗೆ ಶಾಬಾನ್ ಕಾಕಾನ ಗಾಡಿಯಿಂದ ಬೇಯಿಸಿದ ಫೂಲ್ ಕಾಳು, ಮಧ್ಯಾಹ್ನ ಮೂಲೆ ಅಂಗಡಿಯ ಕುಶರಿ. ಕುಶರಿ ನನಗೆ ಪ್ರಾಣ, ನಿನಗೆ ಗೊತ್ತು. ಆದರೆ ಹತ್ತನೇ ದಿನಕ್ಕೆ ಅಪ್ಪ ತಟ್ಟೆ ನೋಡಿ, "ಅನ್ನ, ಮಕರೋನಿ, ಬೇಳೆ, ಕಡಲೆ, ಎಲ್ಲಾ ಒಂದೇ ಸಲ ತುಂಬೋಕೆ ನನ್ನ ಹೊಟ್ಟೆ ಏನು ಗೋಡೌನಾ?" ಅಂದರು. ಶಾಬಾನ್ ಕಾಕಾ ಬೇರೆ ದಿನಾ ಕೆಣಕುತ್ತಿದ್ದರು. "ಏನವ್ವಾ ರವಾನ್, ನಿಮ್ಮನೆ ಒಲೆ ಮುಷ್ಕರ ಹೂಡಿದ್ಯಾ?" ಹಾಗಂದು ಒಂದು ಸೌಟು ಜಾಸ್ತಿಯೇ ಹಾಕುತ್ತಿದ್ದರು.

ನನ್ನ ಮೊದಲ ಮುಲುಖಿಯಾ ಮುಳುಗಿತು. ಸೊಪ್ಪೆಲ್ಲ ತಳಕ್ಕೆ, ನೀರೆಲ್ಲ ಮೇಲಕ್ಕೆ. ಪಕ್ಕದ ಮನೆಯಿಂದ ವಗ್ದಿಯ ಅಮ್ಮ ಬಂದು ಪಾತ್ರೆಗೆ ಇಣುಕಿದರು.

"ಅಯ್ಯೋ ನನ್ ಕರ್ಮವೇ! ಇದು ಮುಲುಖಿಯಾನಾ, ಊರಾಚೆ ಕಾಲುವೆಯಾ? ಒಗ್ಗರಣೆ ಹಾಕುವಾಗ ಉಸಿರೆಳೆದ್ಯೇನೇ?"

"ಎಳೆದೆ ಚಿಕ್ಕಮ್ಮಾ."

"ಯಾವಾಗ?"

"ಹಾಕಿದ್ಮೇಲೆ."

"ಸರಿಹೋಯ್ತು! ಮದುವೆ ಮುಗಿದ್ಮೇಲೆ ಮದುಮಗಳಿಗೆ ಮೆಹಂದಿ ಹಚ್ಚಿದ ಹಾಗಾಯ್ತು!"

ಬೆಳ್ಳುಳ್ಳಿ, ಕೊತ್ತಂಬರಿ ಬೀಜದ ಒಗ್ಗರಣೆ ಚುಂಯ್ ಅಂತ ಬೀಳುವ ಆ ಕ್ಷಣಕ್ಕೇ, ಮನೆಯಲ್ಲಿ ಕಳ್ಳನನ್ನು ಕಂಡವಳ ಹಾಗೆ ಅಮ್ಮ "ಹಾ!" ಅಂತ ಉಸಿರು ಒಳಗೆಳೆಯುತ್ತಿದ್ದಳಲ್ಲ? ನಾವಿಬ್ಬರೂ ಚಿಕ್ಕವರಿದ್ದಾಗ ಅದು ಕೇಳಿದರೆ ಸಾಕು, ತಟ್ಟೆ ಹಿಡಿದು ಓಡುತ್ತಿದ್ದೆವು. ಆ ಉಸಿರಿಲ್ಲದ ಮುಲುಖಿಯಾಗೆ ರುಚಿ ಹತ್ತುವುದಿಲ್ಲ ಅಂತ ಇಡೀ ಶುಬ್ರಾ ನಂಬಿದೆ. ಅದಕ್ಕೇ ನಮ್ಮ ಅಡುಗೆ ಗ್ರೂಪಿನಲ್ಲಿ ಕೇಳಿದೆ. ಅರವತ್ತು ಉತ್ತರ! ಒಬ್ಬಳು ತನ್ನ ಉಸಿರನ್ನೇ ರೆಕಾರ್ಡ್ ಮಾಡಿ ಕಳಿಸಿದಳು, ಬೆಕ್ಕಿನ ಬಾಲ ತುಳಿದ ಹಾಗಿತ್ತು. ಇನ್ನೊಬ್ಬಳು "ಇದೆಲ್ಲ ಮೂಢನಂಬಿಕೆ" ಅಂದಳು. ಅವಳನ್ನು ಗ್ರೂಪಿನಿಂದಲೇ ತೆಗೆದುಹಾಕಿದರು.

ಎರಡನೇ ಸಲ ಎಷ್ಟು ಜೋರಾಗಿ ಎಳೆದೆ ಅಂದರೆ ಕೊತ್ತಂಬರಿ ಪುಡಿ ಗಂಟಲಿಗೇ ಹೋಯಿತು. ಕೆಮ್ಮಿ ಕೆಮ್ಮಿ ನಾನು ನೆಲಕ್ಕೆ ಕೂತರೆ ಅಮ್ಮ ಕುರ್ಚಿಯಲ್ಲಿ ಭುಜ ಕುಲುಕಿಸಿ ಕಣ್ಣೀರು ಬರುವಷ್ಟು ನಕ್ಕಳು. ಅವಳು ಹಾಗೆ ನಗದೆ ಎಷ್ಟೋ ದಿನ ಆಗಿತ್ತು.

ಮೊನ್ನೆ ಶುಕ್ರವಾರ ಮೂರನೆಯ ಸಲ. ಸೊಪ್ಪನ್ನು ಒಣ ಬಟ್ಟೆಯಲ್ಲಿ ಒತ್ತಿ, ಎರಡು ಹಿಡಿಯ ಬಾಗು ಕತ್ತಿಯಿಂದ ಕೈ ಸೋಲುವವರೆಗೆ ಕೊಚ್ಚಿದೆ. ಕೋಳಿ ಸಾರಿಗೆ ಅದನ್ನು ಹಾಕಿ, ಮತ್ತೆ ಕುದಿಯುವ ಮೊದಲೇ ಒಲೆ ಸಣ್ಣದು ಮಾಡಿದೆ. ಆಗ ಅಮ್ಮ ಎದ್ದು ಬಂದು ನನ್ನ ಬೆನ್ನ ಮೇಲೆ ಅಂಗೈ ಇಟ್ಟಳು. ಬೆಳ್ಳುಳ್ಳಿ ಕೆಂಪಾಗುತ್ತಿದ್ದಂತೆ ಪಾತ್ರೆಯ ಅಂಚಿಗೆ ಚಮಚದಿಂದ ಒಂದೇ ಒಂದು ಸಲ ಟಕ್ ಅಂತ ಬಡಿದಳು. ಸುರಿದೆ. ಉಸಿರೆಳೆದೆ.

ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದ ಅಪ್ಪ ಒಂದೇ ಚಪ್ಪಲಿಯಲ್ಲಿ ಓಡಿ ಬಂದರು. ಹಸಿವು ನೋಡು ಅವರದು! ಎರಡು ತಟ್ಟೆ ತಿಂದು, ಮೂರನೆಯದನ್ನು ರೊಟ್ಟಿಯಲ್ಲೇ ಒರೆಸಿದರು.

"ಹೇಗಿದೆ ಅಪ್ಪಾ?"

"ಅದೇ."

"ಅದೇ ಅಂದ್ರೆ?"

"ಅದೇ ಅಂದ್ರೆ ಅದೇ ಕಣೇ. ತಿನ್ನೋಕೆ ಬಿಡು."

ನಿನಗೆ ಕೋಳಿಯೋ ಮೊಲವೋ, ವಗ್ದಿ ಕ್ಯಾಂಪಿನ ಫೋನಿನಿಂದ ಅವನ ಅಮ್ಮನಿಗೆ ಮಾತಾಡುವಾಗ ಹೇಳಿಸು. ತಲೆಗೆ ಬಟ್ಟೆ ಕಟ್ಟಿಕೊಳ್ಳದೆ ಬಿಸಿಲಲ್ಲಿ ನಿಲ್ಲಬೇಡ. ದೇವರು ನಿನ್ನನ್ನು ಹೋದ ಹಾಗೇ ಇಡಿಯಾಗಿ ನಮ್ಮ ತಟ್ಟೆಯ ಮುಂದೆ ತಂದು ಕೂರಿಸಲಿ. ಅಮ್ಮ ಅಪ್ಪ ಇಬ್ಬರ ಹಾರೈಕೆಯೂ ಇದರ ಜೊತೆಗಿದೆ.

ನಿನ್ನ ತಂಗಿ,
ರವಾನ್

ಮತ್ತೊಂದು ಮಾತು: ಕಾಗದ ಮಡಿಸಿದ್ದೆ ಅಣ್ಣಾ, ಮತ್ತೆ ಬಿಚ್ಚಿದೆ. ನೀನು ಎರಡು ಸಲ ಕ್ಯಾಂಪಿನಿಂದ ಫೋನ್ ಮಾಡಿದಾಗಲೂ ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ, ಮಾರ್ಕೆಟ್ಟಿಗೆ ಹೋಗಿದ್ದಾಳೆ ಅಂದೆನಲ್ಲ, ಸುಳ್ಳು. ಅವಳು ನನ್ನ ಪಕ್ಕದಲ್ಲೇ ಫೋನಿಗೆ ಕಿವಿ ಹಚ್ಚಿ ಕೂತಿದ್ದಳು. ಅವಳ ಗಂಟಲಲ್ಲಿ ಗೆಡ್ಡೆ ಇತ್ತು. ಏಪ್ರಿಲ್ ಮೊದಲ ವಾರ ಆಪರೇಷನ್ ಆಯಿತು. ಗೆಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕಾಯಿತು. ಜೀವಕ್ಕೆ ಭಯವಿಲ್ಲ ಅಂತ ಡಾಕ್ಟರು ಖಂಡಿತವಾಗಿ ಹೇಳಿದ್ದಾರೆ. ಆದರೆ ಮಾತಿಲ್ಲ. ಕತ್ತಿನ ಬುಡದಲ್ಲಿರುವ ಸಣ್ಣ ತೂತಿನಿಂದ ಉಸಿರಾಡುತ್ತಾಳೆ, ವಾಸನೆಯೂ ಅಷ್ಟಾಗಿ ಹತ್ತುವುದಿಲ್ಲ, ಬೆಳ್ಳುಳ್ಳಿಯ ಹದವನ್ನು ಬಣ್ಣ ನೋಡಿ ಹೇಳುತ್ತಾಳೆ. ನೀನು ಬರುವ ತನಕ ಹೇಳಕೂಡದು ಅಂತ ಚೀಟಿಯಲ್ಲಿ ಬರೆದು ಆಣೆ ಹಾಕಿಸಿದಳು. ವಗ್ದಿಯ ಬಾಯಿಗೂ ಬೀಗ.

ಆಣೆ ಮುರಿಯುತ್ತಿರುವುದು ಯಾಕೆ ಅಂದರೆ, ಅಪ್ಪ ಅವತ್ತು ಓಡಿ ಬಂದದ್ದು ಹಸಿವಿಗಲ್ಲ. "ನವಾಲ್! ನವಾಲ್, ಧ್ವನಿ ಬಂತೇನೇ?" ಅಂತ ಅಮ್ಮನ ಹೆಸರು ಕೂಗುತ್ತಾ ಬಂದರು. ನನ್ನ ಬಾಯಿ ಇನ್ನೂ ತೆರೆದೇ ಇತ್ತು. ಪಕ್ಕದಲ್ಲಿ ಅಮ್ಮನದೂ. ಅಪ್ಪ ಇಬ್ಬರನ್ನೂ ನೋಡಿದರು, ಆಮೇಲೆ ಕೂತು ರೊಟ್ಟಿ ಕೇಳಿದರು.

ಪರೀಕ್ಷೆಯಲ್ಲಿ ನಾನು ಪಾಸು ಅಣ್ಣಾ, ಕಷ್ಟ ಆಗಿರುವುದೇ ಅದರಿಂದ. ಆ ಶುಕ್ರವಾರ ನೀನು ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯಲ್ಲೇ ಆ "ಹಾ!" ಕೇಳಿಸುತ್ತದೆ. ಓಡಿ ಬರಬೇಡ. ಅದು ನಾನು.