ನನ್ನ ಮೊದಲ ದಿನ ಯಾರಿದ್ದರು

ಅಕ್ಕಾ,

ನೀವು ನಡೆಸಿ ಬಿಟ್ಟುಹೋದ ಹೆಣ್ಣುಮಕ್ಕಳ ಗೈಡ್ಸ್ ದಳಕ್ಕೆ ಇವತ್ತು ನಮ್ಮೂರಿನ ಟೈಲರಮ್ಮ ಸ್ವಯಂಸೇವಕಿಯಾಗಿ ಬಂದರು. ಹೊಸಬರ ಮೊದಲ ದಿನ ಹಳಬರೊಬ್ಬರು ಹಿಂದಿನ ಬೆಂಚಿನಲ್ಲಿ ಕೂತಿರಬೇಕು, ನಡುವೆ ಬಾಯಿ ಹಾಕಬಾರದು ಎಂಬುದು ನಿಮ್ಮದೇ ನಿಯಮ. ಹಾಗೇ ಕೂತೆ. ಹುಡುಗಿಯರಿಗೆ ಕಲಿಸಲು ಅವರು ಹಾಕಿದ ಹಗ್ಗದ ಗಂಟು ಬಿಚ್ಚಿಕೊಂಡಿತು.

“ಟೈಲರಮ್ಮಂಗೇ ಗಂಟು ಬರಲ್ಲ ಕಣ್ರೇ!” ಎಂದು ಹುಡುಗಿಯೊಬ್ಬಳು ಕೂಗಿದಳು. ಎಲ್ಲರೂ ನಕ್ಕರು.

ಟೈಲರಮ್ಮ ಗಾಬರಿಯಿಂದ ನನ್ನತ್ತ ನೋಡಿದರು. ನಾನು ತಲೆಯಾಡಿಸಿದೆ, ಅಷ್ಟೇ.

“ನಗ್ರೇ ನಗಿ, ಹಲ್ಲೇನೂ ಉದುರಲ್ಲ. ಗೊತ್ತಿರೋಳು ಮುಂದೆ ಬಾ, ನಂಗೂ ಕಲಿಸು,” ಎಂದರು.

ಆಮೇಲೆ ನನ್ನ ಕೈ ಹಿಡಿದುಕೊಂಡರು. “ನೀನಿಲ್ದಿದ್ರೆ ಓಡಿಹೋಗ್ತಿದ್ದೆ ಕಣಮ್ಮ. ನಿನ್ನ ಮೊದಲ ದಿನ ಯಾರಿದ್ರು?”

ಅವತ್ತು ಬರುತ್ತೇನೆಂದಿದ್ದ ನೀವು ಬರಲಿಲ್ಲ. ನೀವು ಊರು ಬಿಟ್ಟ ಸುದ್ದಿಯನ್ನು ಮೂವತ್ತು ಹುಡುಗಿಯರ ಮುಂದೆ ನಿಂತು, ಅವರ ಬಾಯಿಂದಲೇ ಕೇಳಿದೆ.

“ಅಕ್ಕ ಇದ್ರು,” ಎಂದೆ.

ನಿಮ್ಮ ಮಾನ ಕಾಯುವ ಈ ನಾಲಿಗೆಗೆ ಬೆಂಕಿ ಬೀಳಲಿ.